ಮೂತಿ ಲಾರಿಗೆ ಬಿದರಿ ಮೀಟರು

ನಮ್ಮ ಮನೆಯವರು ಲಾರಿ ಓಡಿಸುತ್ತಿದ್ದದ್ದು ಕಿವಿಯಿಂದ. ಕೈಯಲ್ಲಿ ಸ್ಟೇರಿಂಗ್, ಕಾಲ ಕೆಳಗೆ ಬ್ರೇಕ್ ಎಲ್ಲ ಡ್ರೈವರುಗಳಿಗೂ ಇರುತ್ತವೆ. ಇವರ ಹೆಚ್ಚುಗಾರಿಕೆ ಏನೆಂದರೆ ಎಂಜಿನ್ ಆಡಿದ ಮಾತು ಇವರಿಗೆ ತಿಳಿಯುತ್ತಿತ್ತು. ನೀರು ಕಡಿಮೆಯಾದರೆ ಅದರ ದನಿ ಒಣಗುತ್ತದಂತೆ, ಆಯಿಲ್ ಕಡಿಮೆಯಾದರೆ ಹಲ್ಲು ಕಡಿಯುತ್ತದಂತೆ, ಡೀಸೆಲ್ ಮುಗಿಯುತ್ತ ಬಂದರೆ ಬಿಕ್ಕಳಿಸುತ್ತದಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಪಕ್ಕದಲ್ಲಿ ಕೂತು ಅತ್ತೆಯ ಮೇಲಿನ ದೂರುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದೆ. ಇವರು ಕೈ ಎತ್ತಿ, "ಜರಾ ಸುಮ್ನಿರು, ಅದು ಏನೋ ಹೇಳ್ಲಕತ್ತದ" ಅಂದರು. ಈ ಮನೆಯಲ್ಲಿ ನನಗಿಂತ ಮೊದಲು ಯಾರ ಮಾತು ನಡೆಯುತ್ತದೆ ಎಂದು ಆವತ್ತೇ ಗೊತ್ತಾಯಿತು.

ಲಾರಿಗೆ ಭಾಲ್ಕಿಯ ಜನ ಇಟ್ಟ ಹೆಸರು ಮೂತಿ. ಈಗಿನ ಲಾರಿಗಳೆಲ್ಲ ಚಪ್ಪಟೆ ಮುಖದವು. ಇದಕ್ಕೆ ಮಾತ್ರ ಮುಂದೆ ಉದ್ದನೆಯ ಬಾನೆಟ್ಟು, ಅದರ ಎರಡೂ ಪಕ್ಕದಲ್ಲಿ ಗುಂಡಗಿನ ಲೈಟು, ನೋಡಿದರೆ ಯಾರ ಮೇಲೋ ಮುನಿಸಿಕೊಂಡು ಮೂತಿ ಮುಂದೆ ಮಾಡಿದ ಹಾಗೆ. ನಮ್ಮ ಮಾವನವರು ಕೊಂಡದ್ದು. ಒಂದು ಕಾಲದಲ್ಲಿ ಖಟಕ ಚಿಂಚೋಳಿಯ ತೊಗರಿ ಭಾಲ್ಕಿಯ ಅಡತಿ ಅಂಗಡಿಗೆ ಬರುತ್ತಿದ್ದದ್ದು ಇದರ ಬೆನ್ನ ಮೇಲೆಯೇ. ಈಗ ದೊಡ್ಡ ಲೋಡು ಹೊರುವುದಿಲ್ಲ. ಮದುವೆ ಪಾತ್ರೆ, ಯಾರದೋ ಮನೆ ಸಾಮಾನು, ಬಕ್ರೀದಿನ ಮುಂದೆ ಔರಾದ್ ಕಡೆಯ ಕುರಿ, ಇಷ್ಟೇ. ಆದರೂ ಮೂತಿ ಹೊರಬಿತ್ತೆಂದರೆ ಜನ ತಿರುಗಿ ನೋಡುತ್ತಾರೆ, ಇವರು ಎಲ್ಲರಿಗೂ ಸಲಾಮು ಹೊಡೆಯುತ್ತ ಹೋಗುತ್ತಾರೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ಶಾಲೆ ಬಿಟ್ಟೆ, ಆದರೆ ಗಂಟಲು ಮಾತ್ರ ಇನ್ನೂ ಕೆಲಸದಲ್ಲೇ ಇದೆ. ನಾನು ಅಡುಗೆಮನೆಯಲ್ಲಿ ಉಪ್ಪು ಎಲ್ಲಿ ಎಂದು ಕೇಳಿದರೆ ಎದುರು ಮನೆಯವರು ಉಪ್ಪು ತಂದುಕೊಟ್ಟದ್ದುಂಟು. ಇಂಥವಳ ಜೊತೆ ಬಾಳುವ ಗಂಡಸಿನ ಕಿವಿ ಮಂದವಾದರೆ ಯಾರಿಗೆ ಗೊತ್ತಾಗಬೇಕು? ನನಗಂತೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಫ್ಯಾನ್ ಬೆಲ್ಟಿನಿಂದ. ಒಂದು ಬೆಳಿಗ್ಗೆ ನಾನು ಭಾಲ್ಕಿಯ ಬಜಾರಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ದೂರದಿಂದ ಹಂದಿ ಕುಯ್ದಂಥ ಕಿರುಚಾಟ ಕೇಳಿಸಿತು. ಹತ್ತಿರ ಬಂದಂತೆ ಅಂಗಡಿಯವರು ಕಿವಿಯಲ್ಲಿ ಬೆರಳಿಟ್ಟುಕೊಂಡರು, ಕಟ್ಟಿದ್ದ ಎತ್ತೊಂದು ಹಗ್ಗ ಕಿತ್ತುಕೊಂಡು ಓಡಿತು. ನೋಡಿದರೆ ನಮ್ಮ ಮೂತಿ! ಬೆಲ್ಟು ಸವೆದು ಒಂದೇ ಸಮನೆ ಚೀರುತ್ತಿತ್ತು. ಜನ "ನಿಂದರ್ಸ್ರಿ, ನಿಂದರ್ಸ್ರಿ" ಎಂದು ಕೈ ಬೀಸುತ್ತಿದ್ದರು. ಒಳಗೆ ನಮ್ಮ ಮನೆಯವರು ಮದುಮಗನ ಹಾಗೆ ನಗುತ್ತ, ಕೈ ಬೀಸಿದವರಿಗೆಲ್ಲ ಸಲಾಮು ಕೊಡುತ್ತ, ಕಿವಿ ಮುಚ್ಚಿಕೊಂಡವರಿಗೆ ಇನ್ನೂ ದೊಡ್ಡ ಸಲಾಮು ಕೊಡುತ್ತ ದಾಟಿ ಹೋದರು. ರೈಲ್ವೆ ಸ್ಟೇಷನ್ ಮುಟ್ಟುವುದರೊಳಗೆ ಬೆಲ್ಟು ಹರಿದು, ನೀರು ಕುದ್ದು, ಬಾನೆಟ್ಟಿನಿಂದ ಹಬೆ ಎದ್ದಿತ್ತು.

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಮುಖ ಗಂಟು ಹಾಕಿಕೊಂಡ. "ಎಂಜಿನ್ ಹೆಡ್ ಒಂದು ಸಲ ಸುಟ್ಟದ್ರಿ. ಇದಕ್ಕ ಈಗ ಎಲ್ಲೂ ಸಾಮಾನು ಸಿಗಲ್ಲ. ಹ್ಯಾಂಗೋ ಕೂಡಿಸಿ ಕೊಡ್ತೀನಿ. ಇನ್ನೊಮ್ಮೆ ಕುದ್ದತು ಅಂದ್ರ ಗುಜರಿಗೇ ಹಾಕಬೇಕು, ನನ್ನ ಕಡಿ ತರಬ್ಯಾಡ್ರಿ" ಅಂದ.

ಗುಜರಿ ಎಂಬ ಮಾತು ಕೇಳಿ ಇವರು ಊಟ ಬಿಟ್ಟರು. ಮೂತಿ ಹೋದರೆ ಇವರು ಇನ್ನೊಂದು ಲಾರಿ ಮುಟ್ಟುವ ಪೈಕಿ ಅಲ್ಲ. ಬೆಳಗಾದರೆ ಅದರ ಮೂತಿ ಒರೆಸಿ, ಒಂದು ಸುತ್ತು ಹೊಡೆದು ಬಂದರೇ ಇವರಿಗೆ ಚಹಾ ರುಚಿಸುವುದು. ಕಿವಿ ತೋರಿಸಿಕೊಂಡು ಬರೋಣ ಬನ್ನಿ ಎಂದರೆ ಮಾತ್ರ ಸುತರಾಂ ಒಪ್ಪಲಿಲ್ಲ.

"ನನ್ನ ಕಿವಿಗೇನಾಗ್ಯಾದ? ಬರೋಬರ್ ಅವ. ಮೂತಿಗೇ ವಯಸ್ಸಾಗಿ ಮೆತ್ತಗ ಮಾತಾಡ್ಲಕತ್ತದ."

"ಮೆತ್ತಗಾ? ಎತ್ತು ಹಗ್ಗ ಕಿತ್ಕೊಂಡು ಓಡ್ತು!"

"ಎತ್ತಿಗಿ ಏನ್ ತಿಳೀತದ" ಅಂದರು.

ಆಗ ನಾನೇ ಮೀಟರ್ ಹಾಕಿಸುವ ಮಾತು ತೆಗೆದೆ. ಕಿವಿ ಕೇಳದಿದ್ದರೇನು, ಕಣ್ಣು ನೆಟ್ಟಗಿವೆಯಲ್ಲ. ನೀರು ಎಷ್ಟು ಬಿಸಿ, ಆಯಿಲ್ ಎಷ್ಟು ಒತ್ತುತ್ತಿದೆ, ಬ್ಯಾಟರಿಗೆ ಕರೆಂಟ್ ಹೋಗುತ್ತಿದೆಯೇ, ಡೀಸೆಲ್ ಎಷ್ಟಿದೆ, ನಾಲ್ಕು ಮೀಟರ್ ಹಾಕಿದರೆ ಮೂತಿ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನೋಡಿಕೊಂಡರಾಯಿತು. ಇವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೀಟರ್ ನೋಡಿ ಓಡಿಸುವವರು ಕಾರಿನವರಂತೆ. ಮೂರನೆಯ ದಿನ ಗುಜರಿಯವನೊಬ್ಬ ಸೈಕಲ್ ಮೇಲೆ ನಮ್ಮ ಬೀದಿಯಲ್ಲಿ ಕೂಗುತ್ತ ಹೋದ. ಅವನು ಕೂಗಿದ್ದು ಹಳೆ ಪೇಪರಿಗೆ. ಆದರೆ ಅವನು ಮೂತಿಯ ಮುಂದೆ ಒಂದು ಗಳಿಗೆ ನಿಂತು ನೋಡಿದ್ದನ್ನು ಇವರು ಕಿಟಕಿಯಿಂದ ಕಂಡರು. ಸಂಜೆಗೆ, "ಮೀಟರ್ ಹಾಕಸೋಣ. ಆದ್ರ ಪ್ಲಾಸ್ಟಿಕ್ ಮಾರಿ ಇರೋದು ಬ್ಯಾಡ. ಮೂತಿಗಿ ಒಪ್ಪೋವಂಗ ಇರಬೇಕು" ಅಂದರು.

ಮೂತಿಗೆ ಒಪ್ಪುವುದು ಎಂದರೆ ಇವರ ಮಟ್ಟಿಗೆ ಒಂದೇ, ಬಿದರಿ. ಬೀದರದ ಹಳೇ ಊರಿನಲ್ಲಿ ಇವರ ಚಡ್ಡಿ ದೋಸ್ತರೊಬ್ಬರು ಬಿದರಿ ಕೆಲಸ ಮಾಡುತ್ತಾರೆ. ಕರಿ ಲೋಹದಲ್ಲಿ ಬೆಳ್ಳಿಯ ಎಳೆ ಕೂಡಿಸಿ ಹೂಜಿ, ತಟ್ಟೆ, ಹೂದಾನಿ ಮಾಡುವುದು ಅವರ ಮನೆತನದ ಕಸುಬು. ಊರಿಗೆ ದೊಡ್ಡವರು ಬಂದರೆ ಕೊಡುವ ಉಡುಗೊರೆ ಅದು. ಲಾರಿಯ ಮೀಟರಿಗೆ ಬಿದರಿ ಮುಖ ಮಾಡಿಸಿದವರು ಇವರೊಬ್ಬರೇ ಇರಬೇಕು.

ದೋಸ್ತರು ಮಾತು ಕೇಳಿ ಹಿಗ್ಗಿಹೋದರು. "ಭಾಭಿ, ಇಷ್ಟು ವರ್ಷ ನಾ ಮಾಡಿದ್ದೆಲ್ಲ ಗಾಜಿನ ಕಪಾಟದಾಗ ಕುಂತದ. ಇದೊಂದು ರೋಡಿನ ಮ್ಯಾಲ ಓಡ್ತದ" ಎಂದು ಎದೆ ತಟ್ಟಿಕೊಂಡರು. ಅಂಗಡಿಯಿಂದ ಸಾದಾ ಮೀಟರ್ ತರುವುದು, ಅದರ ಒಳಗಿನ ತಗಡಿನ ಮುಖ ತೆಗೆದು ಬಿದರಿಯ ತೆಳು ಬಿಲ್ಲೆ ಕೂರಿಸುವುದು, ಇದು ಏರ್ಪಾಟು. ಅಂಕಿ ಬೇಡವೆಂದು ಇಬ್ಬರೂ ತೀರ್ಮಾನಿಸಿದರು. ಅಂಕಿ ಏತಕ್ಕೆ, ಚಿತ್ರ ಇದ್ದರೆ ಸಾಕು. ನೀರಿನ ಮೀಟರಿಗೆ ಕಮಲ: ತಣ್ಣಗಿದ್ದರೆ ಮೊಗ್ಗು, ಕಾಯುತ್ತ ಹೋದಂತೆ ಅರಳುತ್ತ ಹೋಗಿ ಕೊನೆಗೆ ಪೂರ್ತಿ ಬಿರಿದ ಹೂವು. ಡೀಸೆಲ್ಲಿಗೆ ಸುರಾಯಿ, ಅಂದರೆ ಉದ್ದ ಕತ್ತಿನ ಹೂಜಿ: ಒಂದು ತುದಿಗೆ ಖಾಲಿ, ಇನ್ನೊಂದು ತುದಿಗೆ ಬಾಯಿತನಕ ತುಂಬಿದ್ದು. ಆಯಿಲ್ಲಿಗೆ ದೀಪ, ಬ್ಯಾಟರಿಗೆ ಚಂದ್ರ. ಕೇಳಲು ಬಹಳ ಚಂದವಾಗಿತ್ತು. ನಾನೂ ತಲೆದೂಗಿದೆ.

ಬಿಲ್ಲೆಗಳು ಆಗುವ ತನಕ ಮೂತಿಯ ಡ್ಯಾಶ್‌ಬೋರ್ಡಿನಲ್ಲಿ ಜಾಗ ಮಾಡಬೇಕಿತ್ತು. ಹಳೆಯ ಮೀಟರುಗಳು ಹೋದ ತೂತುಗಳು ಅಲ್ಲಿಯೇ ಇದ್ದವು, ಆದರೆ ಅವಕ್ಕೆ ಬೇರೆ ಬಾಡಿಗೆದಾರರು ಬಂದಿದ್ದರು. ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಊದುಬತ್ತಿ, ಇನ್ನೊಂದರಲ್ಲಿ ನನ್ನ ಕಳೆದುಹೋದ ಬಾಚಣಿಗೆ. ಕೊನೆಯದರಲ್ಲಿ ಹಲ್ಲುಕಡ್ಡಿಯ ಕಟ್ಟು, ಅದರ ಹಿಂದೆ ಇಲಿಯೊಂದು ಮಾಡಿಟ್ಟ ಹತ್ತಿಯ ಹಾಸಿಗೆ. ಇವರು ಇಲಿಯ ಹಾಸಿಗೆಯನ್ನು ಮಾತ್ರ ಹುಷಾರಾಗಿ ಎತ್ತಿ ಸೀಟಿನ ಕೆಳಗೆ ಇಟ್ಟರು. ಬಾಚಣಿಗೆಯನ್ನು ಎಸೆದರು. ಈ ಮನುಷ್ಯನ ನ್ಯಾಯವೇ ಹೀಗೆ.

ದೋಸ್ತರು ಬಿಲ್ಲೆ ತಂದ ದಿನ ನಾವು ಅವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದೇ ನೋಡಿದ್ದು, ಅಷ್ಟು ಚೆನ್ನಾಗಿದ್ದವು. ಕಾಡಿಗೆಯಂಥ ಕಪ್ಪಿನ ಮೇಲೆ ಬೆಳ್ಳಿ ಮಿನುಗುತ್ತಿತ್ತು. ಒಂದೇ ತೊಂದರೆ, ಬೇಕಾದ ಚಿತ್ರಗಳ ನಡುವೆ ಎಲ್ಲೂ ಜಾಗವೇ ಉಳಿದಿರಲಿಲ್ಲ. ಬಳ್ಳಿ, ಎಲೆ, ಮತ್ತೆ ಬಳ್ಳಿ.

"ಇಷ್ಟು ಬಳ್ಳಿ ಯಾಕ್ರಿ ಭಾಯಿ?" ಅಂದೆ.

"ಅರೆ ಭಾಭಿ, ಖಾಲಿ ಜಾಗ ಬಿಟ್ರ ಅದು ಬಿದರಿ ಅಲ್ಲ, ರೊಟ್ಟಿ ತವಾ ಆಗ್ತದ."

ಭಾಲ್ಕಿಯ ಬಸ್ ಸ್ಟ್ಯಾಂಡ್ ಕಡೆಯ ವೈರಿಂಗ್ ಮಿಸ್ತ್ರಿಯನ್ನು ಕರೆಸಿದೆವು. ಮಾತು ಕಡಿಮೆ, ಸಿಡಿಮಿಡಿ ಜಾಸ್ತಿ. ಎಂಜಿನ್ ತಲೆಗೆ ಒಂದು ಸಣ್ಣ ನಳಿಗೆ ಸೇರಿಸಿ ನೀರಿನ ಮೀಟರಿಗೆ ತಂದ, ಆಯಿಲ್ಲಿಗೆ ತಾಮ್ರದ ಪೈಪು ಎಳೆದ, ಡೀಸೆಲ್ ಟ್ಯಾಂಕಿನಲ್ಲಿ ತೇಲುವ ಬುರುಡೆ ಬಿಟ್ಟ, ಬ್ಯಾಟರಿಯ ವೈರು ಜೋಡಿಸಿದ. ಮುಳ್ಳು ಬಿಳಿ, ಬಳ್ಳಿ ಬಿಳಿ, ಹಾಗಾಗಿ ಮುಳ್ಳು ಎಲ್ಲಿದೆ ಎಂದೇ ಕಾಣಲಿಲ್ಲ. "ತೋಟದಾಗ ಹಾವು ಹುಡುಕ್ದಂಗ ಆಗ್ಯಾದ" ಎಂದು ಮಿಸ್ತ್ರಿ ಗೊಣಗಿದ. ಮಗಳು ತವರಿಗೆ ಬಂದಾಗ ಮರೆತು ಹೋಗಿದ್ದ ಕೆಂಪು ನೇಲ್ ಪಾಲಿಶ್ ತಂದು ನಾನೇ ನಾಲ್ಕೂ ಮುಳ್ಳಿಗೆ ಹಚ್ಚಿದೆ. ಈಗ ಕಂಡವು. ಮೂತಿ ಮದರಂಗಿ ಹಾಕಿಕೊಂಡ ಹಾಗಿತ್ತು.

ಮರುದಿನ ಬೆಳಿಗ್ಗೆ ಮನೆ ಮುಂದೆ ಪೂಜೆ. ಓಣಿಯವರೆಲ್ಲ ಸೇರಿದ್ದರು. ನಾನು ಕಾಯಿ ಒಡೆದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಇವರು ಹೊಸ ಬಿಳಿ ಅಂಗಿ ತೊಟ್ಟು ಹತ್ತಿ ಕೂತರು, ಚಾವಿ ತಿರುಗಿಸುವ ಮೊದಲೇ ಕೆಳಗೆ ಹಾರಿದರು.

"ನೀರು! ನೀರು ತರ್ರಿ ಜಲ್ದಿ! ಕುದಿಲಕತ್ತದ!"

ನೋಡಿದರೆ ನೀರಿನ ಮುಳ್ಳು ಪೂರ್ತಿ ಬಿರಿದ ಕಮಲದ ಮೇಲೆ ಕೂತಿದೆ. ನಾನು ಒಳಗೆ ಓಡಿದೆ, ಎದುರು ಮನೆಯವರು ಕೊಡ ತಂದರು, ಯಾರೋ ಬಾನೆಟ್ಟು ಎತ್ತಿದರು. ಮೂತಿ ರಾತ್ರಿಯಿಡೀ ಬೇವಿನ ಮರದ ಕೆಳಗೆ ನಿಂತಿತ್ತು. ಎಂಜಿನ್ ಮೇಲೆ ಕೈ ಇಟ್ಟರೆ ಮಣ್ಣಿನ ಗಡಿಗೆಯ ಹಾಗೆ ತಂಪು.

"ಹೊರಗ ತಂಪದ, ಒಳಗ ಜ್ವರ ಅದ" ಅಂದರು ಇವರು. ಇಷ್ಟು ದಿನ ಮೀಟರ್ ಎಂದರೆ ಮೂಗು ಮುರಿದ ಮನುಷ್ಯ, ಈಗ ಕೈಗಿಂತ ಮೀಟರನ್ನೇ ನಂಬಿದರು. ಎರಡು ಕೊಡ ನೀರು ಎಂಜಿನ್ನಿಗೆ ಸುರಿದು ತಂಪಾದದ್ದನ್ನು ಇನ್ನೂ ತಂಪು ಮಾಡಿದರು. ಚಾವಿ ತಿರುಗಿಸಿದರೆ, ಹಿಂದಿನ ದಿನ ತುಂಬಿಸಿದ್ದ ಡೀಸೆಲ್ಲಿಗೆ ಮೀಟರು ಖಾಲಿ ಸುರಾಯಿ ತೋರಿಸುತ್ತಿತ್ತು. "ಯಾವನೋ ಕದ್ದಾನ" ಎಂದು ಓಣಿಯವರ ಮುಖವನ್ನೆಲ್ಲ ಒಂದು ಸಲ ನೋಡಿದರು. ಪ್ರಸಾದಕ್ಕೆ ನಿಂತಿದ್ದವರು ಕೆಲವರು ಹಾಗೇ ಮನೆಗೆ ಹೋದರು. ಅವರನ್ನು ಸಮಾಧಾನ ಮಾಡಲು ನಾನು ಆಮೇಲೆ ಮನೆಮನೆಗೆ ಕೊಬ್ಬರಿ ಕೊಟ್ಟು ಬರಬೇಕಾಯಿತು.

ಮಿಸ್ತ್ರಿ ಬಂದ. ದೋಸ್ತರೂ ಬೀದರದಿಂದ ಬಸ್ಸು ಹಿಡಿದು ಬಂದರು. ಮಿಸ್ತ್ರಿ ಎಂಜಿನ್ ಚಾಲು ಮಾಡಿ, ಕಾಯಿಸಿ, ಮುಳ್ಳು ಎಡದಿಂದ ಬಲಕ್ಕೆ ಹೋಗುವುದನ್ನು ತೋರಿಸಿದ. ಹೂವು ಮುದುಡಿ ಮೊಗ್ಗಾಗುತ್ತಿತ್ತು.

"ಚಿತ್ರ ಉಲ್ಟಾ ಮಾಡೀರಿ ನೀವು."

ದೋಸ್ತರಿಗೆ ರೇಗಿತು. "ಉಲ್ಟಾ ಎಲ್ಲದ? ನೋಡು, ಇಲ್ಲಿಂದ ಶುರು" ಎಂದು ಬಿಲ್ಲೆಯ ಬಲ ತುದಿಯ ಮೊಗ್ಗಿನ ಮೇಲೆ ಬೆರಳಿಟ್ಟು ಎಡಕ್ಕೆ ಎಳೆದರು. "ಮೊಗ್ಗು, ಅರ್ಧ ಅರಳಿದ್ದು, ಪೂರಾ ಅರಳಿದ್ದು. ಬರೋಬರ್ ಅದ."

"ಅಲ್ಲಿಂದ ಹ್ಯಾಂಗ ಶುರು ಆಗ್ತದ್ರಿ?"

"ಮತ್ತ ಎಲ್ಲಿಂದ ಆಗ್ತದ?"

ಇಬ್ಬರೂ ನನ್ನ ಮುಖ ನೋಡಿದರು, ಟೀಚರಲ್ಲವೇ. ನನಗೆ ಆಗಲೇ ಹೊಳೆದು ನಗು ತಡೆಯಲಾಗುತ್ತಿರಲಿಲ್ಲ. ದೋಸ್ತರು ಅಕ್ಷರ ಕಲಿತದ್ದು ಉರ್ದುವಿನಲ್ಲಿ. ಅವರ ಪುಟ ಶುರುವಾಗುವುದು ಬಲದಿಂದ, ಏನನ್ನು ನೋಡಿದರೂ ಕಣ್ಣು ಮೊದಲು ಹೋಗುವುದು ಬಲಕ್ಕೆ. ಎಡದಿಂದ ಯಾರಾದರೂ ಕಥೆ ಶುರು ಮಾಡುತ್ತಾರೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಮುಳ್ಳು ಬಲಕ್ಕೆ ಹೋಗುತ್ತದೆ ಎಂದು ನಮಗೂ ಹೇಳಬೇಕೆನ್ನಿಸಿರಲಿಲ್ಲ. ಬೀದರದಲ್ಲಿ ಎರಡೂ ಕಡೆಯಿಂದ ಓದುವ ಜನ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತೇವೆ, ಆದರೆ ಒಂದೇ ಮೀಟರು ನೋಡಿರಲಿಲ್ಲ.

ಮಿಸ್ತ್ರಿ ಒಂದು ಬಿಲ್ಲೆಯನ್ನು ತಿರುಗಿಸಿ ಹಾಕಿ ನೋಡಿದ. ಚಿತ್ರಗಳೆಲ್ಲ ಕೆಳಗೆ ಹೋಗಿ, ಮುಳ್ಳು ಮೇಲೆ ಬರೀ ಬಳ್ಳಿಯಲ್ಲಿ ಅಲೆದಾಡಿತು. ತುಂಬಿದ ಸುರಾಯಿ ತಲೆಕೆಳಗಾದದ್ದನ್ನು ಕಂಡು ದೋಸ್ತರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. "ನಕ್ಕೋ ಮಿಯಾ, ನಕ್ಕೋ, ಬ್ಯಾಡ! ಎಲ್ಲಾ ಚೆಲ್ಲಿ ಹೋಗ್ತದ!"

ಹೊಸ ಬಿಲ್ಲೆ ಮಾಡಿಸೋಣ ಎಂದು ನಾನು ಬಾಯಿ ತೆರೆಯುವುದರೊಳಗೆ ಇವರು ದೋಸ್ತರ ಹೆಗಲ ಮೇಲೆ ಕೈ ಹಾಕಿ, "ಒಂದೂ ತೆಗ್ಯಾದಿಲ್ಲ. ಮುಳ್ಳೇ ಉಲ್ಟಾ ಹೋಗ್ಲಿ" ಎಂದು ತೀರ್ಪು ಕೊಟ್ಟರು. ಮಿಸ್ತ್ರಿ ತಲೆ ಚಚ್ಚಿಕೊಂಡು ಕೈಲಾದದ್ದು ಮಾಡಿದ. ಬ್ಯಾಟರಿ ಮೀಟರಿನ ವೈರು ಅದಲುಬದಲು ಮಾಡಿದ, ಅದು ಸರಿಹೋಯಿತು. ಟ್ಯಾಂಕಿನ ಬುರುಡೆಯ ಕಡ್ಡಿ ತಿರುಗಿಸಿ ಕೂರಿಸಿದ, ಸುರಾಯಿಯೂ ಸರಿಹೋಯಿತು. ನೀರು ಮತ್ತು ಆಯಿಲ್ ಮಾತ್ರ ಜಗ್ಗಲಿಲ್ಲ. "ಕಾದ್ರ ಮುಳ್ಳು ಬಲಕ್ಕ ಹೋಗ್ತದ, ಅಷ್ಟೇ. ಅದಕ್ಕ ಯಾರಿಗೂ ಹೇಳ್ಲಿಕ್ಕ ಆಗಲ್ರಿ" ಎಂದು ಕೈ ತೊಳೆದುಕೊಂಡ.

ಹೀಗೆ ನಮ್ಮ ಮೂತಿಗೆ ಎರಡು ಮೀಟರು ಸೀದಾ, ಎರಡು ಉಲ್ಟಾ ಆದವು. ನೀರಿಗೆ ಮೊಗ್ಗು ಎಂದರೆ ಅಪಾಯ, ಹೂವು ಎಂದರೆ ಕ್ಷೇಮ. ಸುರಾಯಿ ಮಾತ್ರ ಇದ್ದದ್ದು ಇದ್ದ ಹಾಗೆ. ನಾನು ಇವರನ್ನು ಕೂರಿಸಿಕೊಂಡು ಒಂದನೇ ಇಯತ್ತೆಯವರಿಗೆ ಹೇಳುವ ಹಾಗೆ ಹೇಳಿಕೊಟ್ಟೆ. "ನನಗ ಬಾಯಿಪಾಠ ಅದ" ಅಂದರು. ಬಾಯಿಪಾಠ ಇದೆ ಎನ್ನುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅದಕ್ಕೇ ಬಕ್ರೀದಿನ ಕುರಿ ತರಲು ಔರಾದಿಗೆ ಹೊರಟಾಗ, ಬ್ಯಾಡ ಬ್ಯಾಡ ಎಂದರೂ ಕೇಳದೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಪಕ್ಕದಲ್ಲಿ ಹತ್ತಿ ಕೂತೆ.

ಹೋಗುವಾಗ ಎಲ್ಲ ಸಸೂತ್ರ. ಔರಾದಿನಲ್ಲಿ ಕುರಿಗಳವ ಕಾಯುತ್ತಿದ್ದ. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಕಂಬಳಿ. ಕುರಿ ಹತ್ತಿಸಿ ತಾನೂ ಅವುಗಳ ನಡುವೆ ನಿಂತುಕೊಂಡ. ಹೊರಡುವ ಮುಂಚೆ ಡ್ಯಾಶ್‌ಬೋರ್ಡಿಗೆ ಇಣುಕಿ, "ಏನ್ರಿ ಅಣ್ಣಾರ, ದೇವರ ಜಗಲಿ ಮಾಡಿಸೀರಿ ಏನು?" ಎಂದು ಕೈ ಮುಗಿದ. ಇವರಿಗೆ ಸ್ವರ್ಗ ಮೂರೇ ಗೇಣು. ಬೀದರದ ಸಂತೆಗೆ ಮುಟ್ಟುವ ತನಕ ಇವರ ನಗು ಇಳಿಯುವುದಿಲ್ಲ ಎಂದುಕೊಂಡೆ.

ಒಂದು ಏರು ಬಂತು. ಬಿಸಿಲು ನೆತ್ತಿಗೆ ಬಂದಿತ್ತು. ಮೂತಿ ಏದುಸಿರು ಬಿಡುತ್ತ ಹತ್ತುತ್ತಿತ್ತು, ಹಿಂದೆ ಕುರಿಗಳು ಒಟ್ಟಿಗೇ ಮೇ ಎನ್ನುತ್ತಿದ್ದವು. ನೀರಿನ ಮುಳ್ಳು ಹೂವು ಬಿಟ್ಟು ಅರ್ಧ ಅರಳಿದ್ದಕ್ಕೆ ಬಂತು, ಅದನ್ನೂ ದಾಟಿತು. ನೋಡುನೋಡುತ್ತ ಮೊಗ್ಗಿನ ಹತ್ತಿರ ಹೋಯಿತು. ಇವರು ಅದನ್ನೇ ನೋಡಿ ಮುಗುಳ್ನಕ್ಕರು.

"ನೋಡು, ಮೊಗ್ಗು. ಇಂಥಾ ಏರಿನಾಗೂ ಹ್ಯಾಂಗ ತಂಪದ."

"ಮೊಗ್ಗು ಅಂದ್ರ ಬಿಸಿ ರೀ!" ಅಂದೆ.

"ಹೂಂ" ಅಂದರು.

"ಕುದಿಲಕತ್ತದ! ನಿಂದರ್ಸ್ರಿ!"

"ಹೂಂ, ಖರೇನ" ಅಂದರು, ನಾನು ಮೂತಿಯನ್ನು ಹೊಗಳಿದೆನೆಂದು.

ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದ ನನ್ನ ಗಂಟಲು ಆವತ್ತು ಎಂಜಿನ್ನಿಗೂ ಕುರಿಗಳಿಗೂ ಸೋತಿತು. ಮೆಕ್ಯಾನಿಕ್ ಹೇಳಿದ್ದು ಕಣ್ಣ ಮುಂದೆ ಬಂತು. ಇನ್ನೊಂದು ಕುದಿ ಕುದ್ದರೆ ಗುಜರಿ, ಆಮೇಲೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡಬೇಕು? ಸ್ಟೇರಿಂಗಿನ ಕೆಳಗೆ ಎಂಜಿನ್ ಬಂದ್ ಮಾಡುವ ಗುಂಡಿಯೊಂದಿದೆ, ಜಗ್ಗಿದರೆ ನಿಲ್ಲುತ್ತದೆ. ಏರು ಮುಗಿದು ಇಳಿಜಾರು ಹಿಡಿಯುತ್ತಿದ್ದ ಹಾಗೆ ಬಗ್ಗಿ ಅದನ್ನು ಎರಡೂ ಕೈಯಿಂದ ಜಗ್ಗಿದೆ.

ಎಂಜಿನ್ ನಿಂತಿತು. ಬರೀ ಗಾಳಿಯ ಸದ್ದು, ಗಾಲಿಯ ಸದ್ದು. ನಾನು ಬೈಸಿಕೊಳ್ಳಲು ತಯಾರಾಗಿ ಇವರ ಮುಖ ನೋಡಿದೆ. ಇವರು ಮೊದಲಿನ ಹಾಗೆಯೇ ಸ್ಟೇರಿಂಗ್ ಹಿಡಿದು ಕೂತಿದ್ದರು. ಇಳಿಜಾರಿನಲ್ಲಿ ಲಾರಿ ತಾನೇ ಉರುಳುತ್ತಿತ್ತು.

"ನೋಡಿದಿ?" ಅಂದರು. "ಎಷ್ಟು ಮೆತ್ತಗ ಹೋಗ್ಲಕತ್ತದ. ಬೆಣ್ಣಿ ಆಗ್ಯಾದ ಎಂಜಿನ್."

ಇಳಿಜಾರು ಮುಗಿದು ಲಾರಿ ನಿಧಾನವಾಯಿತು. ಇವರು ಆಕ್ಸಿಲರೇಟರ್ ತುಳಿದರು, ಮತ್ತೆ ತುಳಿದರು. ಆಮೇಲೆ ಕೆಳಗೆ ನೋಡಿದರು, ನನ್ನ ಕೈಯಲ್ಲಿ ಇನ್ನೂ ಹಿಡಿದಿದ್ದ ಗುಂಡಿಯನ್ನು ಕಂಡರು. ಸ್ಟೇರಿಂಗ್ ತಿರುಗಿಸಿ ಮೂತಿಯನ್ನು ರಸ್ತೆಯ ಬದಿಯ ಜಾಲಿ ಗಿಡದ ನೆರಳಿಗೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿದರು.

"ಅಣ್ಣಾರ, ಮೂತಿ ಕಡಿಂದ ಹೊಗಿ ಬರ್ಲಕತ್ತದ" ಎಂದು ಹಿಂದಿನಿಂದ ಕುರಿಗಳವ ಕೂಗಿದ.

ನೀರಿನ ಪೈಪಿನ ಬಿಗಿ ಸಡಿಲಾಗಿ ನೀರೆಲ್ಲ ದಾರಿಯುದ್ದ ಸೋರಿತ್ತು. ಕುರಿಗಳವ ತನ್ನ ರುಮಾಲಿನ ಅಂಚು ಹರಿದು ಪೈಪಿಗೆ ಬಿಗಿಯಾಗಿ ಸುತ್ತಿದ. ಎಂಜಿನ್ ಆರಿದ ಮೇಲೆ ಕುರಿಗಳಿಗೆಂದು ತಂದಿದ್ದ ಕ್ಯಾನಿನ ನೀರು ಸುರಿಯೋಣ ಎಂದ. ಹೆಡ್ಡಿಗೆ ಏನೂ ಆಗಿರಲಿಲ್ಲ, ಸಮಯಕ್ಕೆ ಸರಿಯಾಗಿ ನಿಂತಿತ್ತು. ಮೂತಿ ಉಳಿದಿತ್ತು. ನಾನು ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ಇವರು ಬಂದು ಪಕ್ಕದಲ್ಲಿ ಕೂತರು.

"ಬಂದ್ ಆಗಿದ್ದು ನನಗ ತಿಳೀಲೇ ಇಲ್ಲ" ಅಂದರು. ಕೈಯ ಗ್ರೀಸು ಅಂಗಿಗೆ ಒರೆಸಿಕೊಂಡು, "ಕಿವಿ ಹೋಗ್ಯಾವ" ಅಂದರು.

ಅಷ್ಟು ದಿನ ನಾನು ಕಾದದ್ದು ಈ ಮಾತಿಗೇ. ಬಂದಾಗ ಖುಷಿಯಾಗಲಿಲ್ಲ. "ಎಂದಿನಿಂದ್ರಿ?" ಅಂದೆ.

ಇವರು ನನ್ನ ತುಟಿ ನೋಡುತ್ತಿದ್ದರು. "ವರ್ಷದ ಮ್ಯಾಲಾತು. ನೀ ಚೀರಿದ್ರ ಕೇಳಸ್ತದ. ಬೈದ್ರ ಅಂತೂ ಬರೋಬರ್ ಕೇಳಸ್ತದ, ಒಂದೂ ತಪ್ಪಲ್ಲ. ಮೆತ್ತಗ ಅಂದಿದ್ದು ಕೇಳಸಲ್ಲ. ಅದಕ್ಕ ಹೂಂ ಅಂತಿದ್ದೆ."

ನಾನು ಮೊದಲು ನಕ್ಕೆ. ಒಂದು ವರ್ಷದಿಂದ ಇವರು ಎಲ್ಲಕ್ಕೂ ಹೂಂ ಎನ್ನುತ್ತಿದ್ದರು, ಕೊನೆಗೂ ಗಂಡ ದಾರಿಗೆ ಬಂದ ಎಂದು ನಾನು ಅಕ್ಕತಂಗಿಯರ ಮುಂದೆ ಜಂಭ ಕೊಚ್ಚಿಕೊಂಡಿದ್ದೆ. ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ. ನನ್ನಂಥ ಗಂಟಲಿನವಳೂ ಕೆಲವು ಮಾತು ಮೆತ್ತಗೆ ಆಡುತ್ತೇನೆ. ಬೆಳಿಗ್ಗೆ ಇವರು ಗೇಟು ದಾಟುವಾಗ ಬೆನ್ನಿಗೆ ಹೇಳಿದ್ದು, ಮಲಗುವಾಗ ಚಾದರ ಹೊದಿಸುತ್ತ ಕೇಳಿದ್ದು, ಇವರು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಗ ಹಿಂದೆ ನಿಂತು ಅಂದದ್ದು. ಅವಕ್ಕೆ ಇವರು ತಿರುಗಿ ನೋಡಲಿಲ್ಲವೆಂದು ಸಿಟ್ಟು ಬಂದು ಮತ್ತೆ ಬೈದಿದ್ದೆ, ಅದು ಕೇಳಿಸಿತ್ತು. ಒಂದು ವರ್ಷ ಪೂರ್ತಿ ಈ ಮನುಷ್ಯನಿಗೆ ನನ್ನ ಬೈಗುಳ ಮಾತ್ರ ಮುಟ್ಟಿತ್ತು. ಆದರೂ ಇವರು ದಿನಾ ಸಂಜೆ ಮನೆಗೆ ಬಂದಿದ್ದರು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಯಾಕ, ಏನಾತು?" ಅಂದರು.

"ಮೆತ್ತಗ ಭಾಳ ಹೇಳೀನಿ ನಿಮಗ!" ಎಂದು ಚೀರಿದೆ.

"ಹೌದಾ?" ಇವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಸರಿದು ಹತ್ತಿರ ಕೂತರು. "ಏನಿದ್ವು, ಈಗ ಹೇಳು."

ಕಿವಿಯ ಡಾಕ್ಟರ ಹತ್ತಿರ ಹೋದದ್ದು, ಮಷೀನು ತಂದದ್ದು, ಅದನ್ನು ಇವರು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದು, ಎಲ್ಲ ಆಮೇಲಿನ ಮಾತು. ಆವತ್ತು ಔರಾದ್ ರಸ್ತೆಯ ಬದಿಯಲ್ಲಿ ಇದ್ದದ್ದು ನನ್ನ ಗಂಟಲೊಂದೇ. ನಾನು ಸುತ್ತ ನೋಡಿದೆ. ಒಂದು ಬಸ್ಸು ಹೋಯಿತು. ಕುರಿಗಳವ ಲಾರಿಯ ಹಿಂದಿನ ಹಲಗೆಯ ಮೇಲೆ ಗದ್ದ ಊರಿಕೊಂಡು ನಮ್ಮನ್ನೇ ನೋಡುತ್ತಿದ್ದ. ನಾಚಿಕೆಯಾಯಿತು. ಆದರೂ ಎದ್ದು ನಿಂತು, ಪ್ರಾರ್ಥನೆಗೆ ಮಕ್ಕಳನ್ನು ಕರೆಯುವ ದನಿಯಲ್ಲಿ ಕೂಗಿದೆ.

"ಆ ಬಿಳಿ ಅಂಗಿ ನಿಮಗ ಭಾಳ ಛಲೋ ಒಪ್ಪತದ್ರೀ!"

ಕುರಿಗಳೆಲ್ಲ ಒಮ್ಮೆಲೇ ಸುಮ್ಮನಾದವು.

ಇವರು ಮೈಮೇಲಿನ ಅಂಗಿ ನೋಡಿಕೊಂಡರು, ಅದು ಖಾಕಿ, ಎದೆಯ ಮೇಲೆ ಗ್ರೀಸು. "ಇದಾ?"

"ಇದಲ್ರೀ! ಪೂಜಿಗಿ ಹಾಕೊಂಡಿದ್ದು!"

"ನಾನೂ ನೋಡೀನ್ರಿ ಅಣ್ಣಾರ ಅಂಥಾ ಅಂಗಿ" ಎಂದು ಕುರಿಗಳವ ಮೇಲಿನಿಂದ ಹೇಳಿದ. "ಗಂಡಸರಿಗಿ ಬಿಳಿದು ಒಪ್ಪೇ ಒಪ್ಪತದ."

ಇವರು ನಾಚಿಕೊಂಡು ನೆಲ ನೋಡಿದರು. ಖಾಕಿ ಅಂಗಿಯ ಮೇಲಿನ ಗುಂಡಿಯನ್ನು ಹಾಕಿಕೊಂಡರು. ಆಮೇಲೆ ಕಿವಿಯ ಹಿಂದೆ ಕೈ ಇಟ್ಟು, ನನ್ನ ಕಡೆ ವಾಲಿ, "ಮತ್ತ?" ಅಂದರು.

ನಾನು ಗಂಟಲು ಸರಿಮಾಡಿಕೊಂಡು ಮುಂದಿನದನ್ನು ಕೂಗಿದೆ.